ಪಾನಗೋಷ್ಠಿಯೂ ಉಪದಂಶವೂ

‘ಉಪದಂಶ’ ಎಂಬುದೊಂದು ಸಂಸ್ಕೃತ ಶಬ್ದವುಂಟು. ಪಾನದ ನಡುನಡುವೆ ಕಚ್ಚಿ ತಿನ್ನತಕ್ಕ ಉಪ್ಪು, ಹುಳಿ, ಕಾರದ ಪದಾರ್ಥಗಳಿಗೆಲ್ಲ ಇದೇ ಹೆಸರು. (ವೈದ್ಯಶಾಸ್ತ್ರದಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವುಂಟು, ಅದು ಇಲ್ಲಿ ಬೇಡ.) ವಾತ್ಸ್ಯಾಯನನು ನಾಗರಕನ ದಿನಚರಿಯನ್ನು ವರ್ಣಿಸುವಾಗ, ಸ್ನೇಹಿತರು ಒಬ್ಬರ ಮನೆಯಲ್ಲೊಬ್ಬರು ಸೇರಿ ನಡೆಯಿಸುತ್ತಿದ್ದ ಪಾನಗೋಷ್ಠಿಗಳನ್ನು ಹೇಳಿ, ಅಲ್ಲಿ ಒದಗಿಸತಕ್ಕ ಉಪದಂಶಗಳನ್ನೂ ಮರೆಯದೆ ಹೇಳಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಪಾನವಿನೋದಕ್ಕೆ ಒಂದು ಸ್ಥಾನವಿದೆ. ಇಷ್ಟನ್ನು ಓದಿದ ಕೂಡಲೆ ನಮ್ಮ ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬೇಕಾದ್ದಿಲ್ಲ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಪ್ರಶಂಸೆ ಮಾಡುವ ಉದ್ದೇಶ ನಮ್ಮದಲ್ಲ. ನಾವು ಹೇಳಹೊರಟಿರುವುದು ಕಾಫಿಯ ವಿಷಯ. ಆದರೆ ಅದು ನಮ್ಮ ಬಳಿಗೆ ಹಂಗೇರಿ ದೇಶದ ದ್ರಾಕ್ಷಾರಸದ ದಾರಿಯಾಗಿ ಬಂದಿತಾದುದರಿಂದ, ನಾವೂ ಆ ದಾರಿಯಲ್ಲಿಯೇ ಹೋಗಬೇಕಾಗಿದೆ. ಇದರಲ್ಲಿ ದೊಡ್ಡ ಅಪಚಾರವೇನೂ ಇಲ್ಲ; ಏತಕ್ಕೆಂದರೆ ‘ಕಾಫಿ’ ಎಂಬ ಮಾತಿಗೆ ಮೂಲವಾದ ಅರಬ್ಬೀ ಭಾಷೆಯ ‘ಕಹ್ವಾ’ ಶಬ್ದಕ್ಕೆ ಮೊದಲು ಮದ್ಯವೆಂಬ ಅರ್ಥವೇ ಇದ್ದಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತರೀಕೆರೆ ಸೀಮೆಯಲ್ಲಿ, ಲಿಂಗದಹಳ್ಳಿಯನ್ನು ದಾಟಿ ಸಂತವೇರಿಯ ಕಡೆಗೆ ಹತ್ತುವ ದಾರಿಯ ಮಗ್ಗುಲಲ್ಲಿ, ಕಾಫಿಯ ತೋಟ ಮಾಡಿಕೊಂಡಿದ್ದಾನೆ. ಅವನ ಭಾವಮೈದುನನು ಬುಡಾಪೆಸ್ಟ್ ನಗರದಲ್ಲಿ ಉದ್ಯೋಗದಲ್ಲಿರುವುದರಿಂದ ಒಮ್ಮೆ ಆ ದೇಶಕ್ಕೆ ಹೋಗಿ ಹದಿನೈದು ದಿನವಿದ್ದು ಬಂದನು. ಬಂದವನು ಅರಮನೆಗಳನ್ನೂ ಸೇತುವೆಗಳನ್ನೂ ಕುರಿತು ಹೆಚ್ಚು ಹೇಳಲಿಲ್ಲ. ಈಶಾನ್ಯ ಹಂಗೇರಿಯ ಟೊಕಾಯಿ ಎಂಬ ಊರಿನಲ್ಲಿ ತಾನು ಕುಳಿತಿದ್ದ ಒಂದು ಸಾಯಂಕಾಲವನ್ನೇ ಮೂರು ಸಲ ಹೇಳಿದನು.

ಬೋದ್ರೋಗ್ ಮತ್ತು ತಿಸಾ ಎಂಬ ಎರಡು ನದಿಗಳು ಕೂಡುವ ಸ್ಥಳದಲ್ಲಿ ಆ ಊರಿದೆ. ಶರತ್ಕಾಲದ ಬೆಳಗಿನಲ್ಲಿ ನದಿಗಳಿಂದೇಳುವ ಮಂಜು ದ್ರಾಕ್ಷಿಯ ತೋಟಗಳನ್ನು ಮುಸುಕುತ್ತದೆ. ಮಧ್ಯಾಹ್ನ ಬಿಸಿಲು ಬಂದು ಒಣಗಿಸುತ್ತದೆ. ಈ ತೇವ ಬಿಸಿಲುಗಳ ಆಟದಲ್ಲಿ ಹಣ್ಣಿಗೆ ಬೋಟ್ರೈಟಿಸ್ ಎಂಬ ಒಂದು ಬಗೆಯ ಬೂಷ್ಟು ಹತ್ತುತ್ತದೆ. ಅದು ಸಿಪ್ಪೆಯನ್ನು ಭೇದಿಸಲು ಒಳಗಿನ ನೀರು ಆರಿ, ಹಣ್ಣು ಸುಕ್ಕಾಗಿ, ಸಕ್ಕರೆಯೂ ಹುಳಿಯೂ ಗಟ್ಟಿಯಾಗಿ ನಿಲ್ಲುತ್ತವೆ. ಆ ಸುಕ್ಕುಹಣ್ಣುಗಳನ್ನು ಒಂದೊಂದಾಗಿ ಕೈಯಿಂದ ಆಯ್ದು, ಬೇರೆ ರಸದಲ್ಲಿ ನೆನೆಯಿಟ್ಟು ತಯಾರಿಸುವ ಪಾನಕ್ಕೆ ‘ಅಸೂ’ ಎಂದು ಹೆಸರು. ಬಂಡೆಯಲ್ಲಿ ಕೊರೆದ ತಣ್ಣನೆಯ ನೆಲಮಾಳಿಗೆಗಳಲ್ಲಿ ಅದನ್ನು ಪೀಪಾಯಿಗಳಲ್ಲಿಟ್ಟು ಹಣ್ಣಾಗಿಸುತ್ತಾರೆ. ಅತಿಥಿಗಳು ಬಂದರೆ ತೋಟದವನೇ ನಿಂತು, ಮೊದಲು ಸಿಹಿಯಿಲ್ಲದ್ದು, ಬಳಿಕ ಸ್ವಲ್ಪ ಸಿಹಿ, ಕೊನೆಗೆ ಅತಿ ಸಿಹಿಯಾದದ್ದು, ಹೀಗೆ ಕ್ರಮವಾಗಿ ಎರಡೆರಡು ಗುಟುಕು ಹಾಕುತ್ತಾನೆ. ಇದು ಯಾವ ಇಳಿಜಾರಿನ ಹಣ್ಣು, ಯಾವ ವರ್ಷದ ಮಳೆ ಎಂದು ಹೇಳುತ್ತಾನೆ. ನಡುವೆ ‘ಪೊಗಾಚ’ ಎಂಬ ಉಪ್ಪಿನ ಸಣ್ಣ ಗುಂಡು ರೊಟ್ಟಿಯನ್ನು ತಿನ್ನಲು ಕೊಡುತ್ತಾರೆ. ಅದೇ ಅವರ ಉಪದಂಶ. ಕುಡಿಯುವ ಮೊದಲು ‘ಎಗೇಶ್ಶೇಗೆದ್ರೆ’ ಎನ್ನುತ್ತಾರಂತೆ. ‘ನಿನ್ನ ಆರೋಗ್ಯಕ್ಕಾಗಿ’ ಎಂದರ್ಥ. ಆ ಮಾತನ್ನು ಕಲಿಯಲು ನಮ್ಮ ವಿದ್ಯಾರ್ಥಿಗೆ ಎರಡು ದಿನ ಹಿಡಿಯಿತಂತೆ. ಶಾಲೆಯಲ್ಲಿ ‘ಸ್ರಗ್ಧರಾ’ ಎಂದು ಹೇಳಿಸಲು ನಮಗೆ ಒಂದು ವಾರ ಹಿಡಿದಿದ್ದಿತು.

ಅವನ ಮನಸ್ಸಿನಲ್ಲಿ ನಾಟಿದ್ದು ಪಾನವಲ್ಲ. ಆ ತೋಟದವನು ಹೆಸರು ಹಿಡಿದು ಮಾತನಾಡಿದ ರೀತಿ. ನೆಲದ ಹೆಸರಿನಿಂದ ಪಾನವನ್ನು ಕರೆಯುವುದು ಬಹಳ ಪುರಾತನ ಪದ್ಧತಿ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ದ್ರಾಕ್ಷಿಯ ಮಧುವಿಗೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಅದು ಹುಟ್ಟುವ ದೇಶದ ಮೇಲಿಂದ ಕೊಟ್ಟಿದೆ. ಕಾಪಿಶೀ ಎಂಬ ಸ್ಥಳದ ಹೆಸರಿನಿಂದ ‘ಕಾಪಿಶಾಯನ’ವನ್ನು ಸಾಧಿಸುವುದಕ್ಕೆಂದೇ ಪಾಣಿನಿಯು ಒಂದು ಸೂತ್ರವನ್ನು ವೆಚ್ಚಮಾಡಿದ್ದಾನೆ, ಅರ್ಧ ಮಾತ್ರೆಯನ್ನೂ ವ್ಯರ್ಥಮಾಡದ ಶಾಸ್ತ್ರದಲ್ಲಿ ಇದು ಸಣ್ಣ ಮರ್ಯಾದೆಯಲ್ಲ. ಟೊಕಾಯಿಯ ಹೆಸರನ್ನು ಯಾವ ಯಾವ ಊರಿನ ತೋಟಗಳು ಬಳಸಬಹುದೆಂಬುದಕ್ಕೆ ೧೭೩೭ರಲ್ಲಿಯೇ ರಾಜಾಜ್ಞೆಯಿಂದ ಎಲ್ಲೆ ಗೊತ್ತುಮಾಡಿದರು. ಹೀಗಿದ್ದರೂ ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯ ಸರ್ಕಾರವು ವ್ಯಾಪಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಾಗ, ಒಳ್ಳೆಯ ಇಳಿಜಾರಿನದೂ ಸಾಧಾರಣ ಬಯಲಿನದೂ ಒಂದೇ ತೊಟ್ಟಿಯಲ್ಲಿ ಬೆರೆತುಹೋಯಿತು. ತೋಟದ ಹೆಸರುಗಳು ಮುದುಕರ ನೆನಪಿನಲ್ಲಿ ಮಾತ್ರ ಉಳಿದವು. ೧೯೯೦ರ ಈಚೆಗೆ ತೋಟಗಳು ಮತ್ತೆ ಖಾಸಗಿಯವರಿಗೆ ಬಂದ ಮೇಲೆ ಆ ಹೆಸರುಗಳು ಶೀಷೆಗಳ ಮೇಲೆ ಕಾಣಿಸಿಕೊಂಡವು. ೨೦೦೨ರಲ್ಲಿ ಆ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು.

ಇದನ್ನು ಕೇಳುತ್ತಿದ್ದಾಗ ನಮಗೆ ನಮ್ಮ ಸೀಮೆಯ ಕಾಫಿಯ ಚರಿತ್ರೆಯನ್ನೇ ಯಾರೋ ವೇಷ ಬದಲಿಸಿ ಹೇಳಿದಂತಾಯಿತು. ಬಾಬಾ ಬುಡನ್ ಅವರು ೧೭ನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನದವರು ಕಾಫಿಯ ಪ್ರಯೋಗಶಾಲೆಯನ್ನು ತೆರೆದರು. ಎಲೆಯ ತುಕ್ಕುರೋಗವನ್ನು ತಾಳುವ ತಳಿಗಳನ್ನು ಅಲ್ಲಿ ಎಬ್ಬಿಸಿದರು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗಾಲಾದಾಗ, ೧೯೪೨ರ ಕಾಯಿದೆಯ ಮೇರೆಗೆ ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸುವ ಏರ್ಪಾಡು ಬಂದಿತು. ಬೆಳೆಗಾರರ ಬಾಯಲ್ಲಿ ಅದು ‘ಪೂಲ್’. ಅದು ಆ ದುರ್ದಿನಗಳಲ್ಲಿ ಎಷ್ಟೋ ಸಂಸಾರಗಳನ್ನು ಉಳಿಸಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರ್ಧ ಶತಮಾನದ ಕಾಲ ಒಬ್ಬನ ಬೀಜವು ಇನ್ನೊಬ್ಬನ ಬೀಜದೊಡನೆ ರಾಶಿ ಸೇರಿ, ತೋಟದ ಹೆಸರೆಂಬುದು ಚೀಲದ ಮೇಲಿನ ಗುರುತಾಗಿ ಮಾತ್ರ ನಿಂತಿತು. ೧೯೯೬ರಲ್ಲಿ ಬೆಳೆಗಾರನಿಗೆ ತನ್ನ ಬೆಳೆಯನ್ನೆಲ್ಲ ತಾನೇ ಮಾರಿಕೊಳ್ಳುವ ಸ್ವಾತಂತ್ರ್ಯ ಬಂದಿತು. ೨೦೧೯ರಲ್ಲಿ ಬಾಬಾ ಬುಡನ್‌ಗಿರಿಯ ಅರೇಬಿಕಾ ಕಾಫಿಗೂ ಚಿಕ್ಕಮಗಳೂರಿನ ಅರೇಬಿಕಾ ಕಾಫಿಗೂ ಭೌಗೋಳಿಕ ಸೂಚನೆಯ ರಕ್ಷಣೆ ದೊರೆಯಿತು. ಸ್ವಾತಂತ್ರ್ಯವೂ ಬಂದಿತು, ಹೆಸರೂ ಬಂದಿತು. ಆದರೆ ಬೆಳೆದವನ ನಾಲಗೆಗೆ ತನ್ನ ಕಾಫಿಯ ರುಚಿ ಗೊತ್ತೇ?

ನಮ್ಮ ವಿದ್ಯಾರ್ಥಿಯು ಕೇಳಿದ ಪ್ರಶ್ನೆ ಇದೇ. ಸಣ್ಣ ಹಿಡುವಳಿದಾರನು ಹೇಗೆ ಮಾರುತ್ತಾನೆಂಬುದನ್ನು ನೋಡಬೇಕು. ವ್ಯಾಪಾರಿಯು ಬಂದು ಒಂದು ಹಿಡಿ ಒಣಗಿದ ಕಾಫಿಯನ್ನು ತೆಗೆದು, ತೇವವೆಷ್ಟೆಂದು ಯಂತ್ರದಲ್ಲಿ ನೋಡುತ್ತಾನೆ. ಸಿಪ್ಪೆ ಹೋದ ಮೇಲೆ ಬೀಜವೆಷ್ಟು ನಿಲ್ಲುವುದೆಂಬ ‘ಔಟ್‌ಟರ್ನ್’ ಲೆಕ್ಕ ಹಾಕುತ್ತಾನೆ. ೫೦ ಕಿಲೋ ಚೀಲಕ್ಕೆ ಇಷ್ಟೆಂದು ಹೇಳುತ್ತಾನೆ. ತೂಕವುಂಟು, ತೇವವುಂಟು, ರುಚಿಯೆಂಬ ಮಾತೇ ಆ ಮಾತುಕತೆಯಲ್ಲಿ ಬರುವುದಿಲ್ಲ. ಹಣ್ಣಾದುದನ್ನೇ ಆಯ್ದು ಕುಯ್ಯಿಸಿದವನಿಗೂ, ಕಾಯಿಯನ್ನೂ ಹಣ್ಣನ್ನೂ ಒಟ್ಟಿಗೆ ಸವರಿಸಿದವನಿಗೂ ಒಂದೇ ಬೆಲೆ. ಹೀಗಾದರೆ ಆಯ್ದು ಕುಯ್ಯುವವನು ಎಷ್ಟು ವರ್ಷ ಆಯ್ದಾನು?

ಆದಕಾರಣ, ಶಿವರಾತ್ರಿಗೆ ಒಂದು ವಾರ ಮುಂಚೆ, ಕುಯ್ಲು ಮುಗಿದು ಒಣಗಿಸುವ ಕೆಲಸವೂ ತೀರಿದ ಮೇಲೆ, ಅವನು ತನ್ನ ಮನೆಯ ಜಗಲಿಯಲ್ಲಿ ಒಂದು ಗೋಷ್ಠಿಯನ್ನು ಏರ್ಪಡಿಸಿ ನಮ್ಮನ್ನೂ ಕರೆದನು. ಸುತ್ತಿನ ಆರು ಮಂದಿ ಬೆಳೆಗಾರರು ತಂತಮ್ಮ ಕಾಫಿಯನ್ನು ತಂದಿದ್ದರು. ಅವನದೂ ಸೇರಿ ಏಳು ಮಾದರಿ. ಹೆಂಗಸರೂ ಬರಬೇಕೆಂದು ಅವನು ಖಂಡಿತವಾಗಿ ಹೇಳಿಕಳುಹಿಸಿದ್ದನು. ಕಡೂರಿನಿಂದ ನಾವೂ, ತೆಂಗಿನ ತೋಟವಿರುವ ನಮ್ಮ ಸ್ನೇಹಿತರೊಬ್ಬರೂ ಹೊರಟೆವು. ಅಜ್ಜಂಪುರದಿಂದ ನಮ್ಮ ಹಾಗೆಯೇ ನಿವೃತ್ತರಾದ ಉಪಾಧ್ಯಾಯರೊಬ್ಬರು ಒಂದು ಮೂಟೆ ಮಂಡಕ್ಕಿಯನ್ನು ಹೊತ್ತು ಬಂದರು. ಬಯಲುಸೀಮೆಯವರಾದ ನಾವು ಮೂವರೂ ಕಾಫಿಯ ಗಿಡವನ್ನು ದೂರದಿಂದ ನೋಡಿದವರು, ಲೋಟವನ್ನು ಹತ್ತಿರದಿಂದ ನೋಡಿದವರು.

ಕ್ರಮ ಹೀಗಿದ್ದಿತು. ಹಿಂದಿನ ದಿನವೇ ಎಲ್ಲ ಮಾದರಿಗಳನ್ನೂ ಒಂದೇ ಹದದಲ್ಲಿ, ಹೆಚ್ಚು ಕಪ್ಪಾಗದಂತೆ ಹುರಿದು ಇಟ್ಟಿದ್ದರು. ಬೆಳಿಗ್ಗೆ ಸ್ವಲ್ಪ ತರಿಯಾಗಿ ಪುಡಿಮಾಡಿ, ಒಂದೊಂದು ಮಾದರಿಗೆ ಐದೈದು ಬಟ್ಟಲಿನಂತೆ ಸಾಲಾಗಿ ಜೋಡಿಸಿದರು. ಒಂದೊಂದು ಬಟ್ಟಲಿಗೆ ಸುಮಾರು ೮ ಗ್ರಾಂ ಪುಡಿ, ೧೫೦ ಮಿಲಿಲೀಟರ್ ನೀರು. ಐದೇತಕ್ಕೆಂದರೆ, ಒಂದೇ ಒಂದು ಕೆಟ್ಟ ಬೀಜ ಒಂದು ಬಟ್ಟಲಿನಲ್ಲಿ ಸೇರಿದ್ದರೂ ಅದು ಹೊರಬೀಳಬೇಕು. ಬಟ್ಟಲಿನ ಮೇಲೆ ಹೆಸರಿಲ್ಲ. ಸೀಮೆಸುಣ್ಣದಲ್ಲಿ ಬರೆದ ಅಂಕಿ ಮಾತ್ರ. ಕುದಿದ ನೀರನ್ನು ಕ್ಷಣಕಾಲ ಆರಿಸಿ ಹಾಕಿ, ನಾಲ್ಕು ನಿಮಿಷ ಸುಮ್ಮನಿರಬೇಕು. ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ಮೂಗನ್ನು ಬಗ್ಗಿಸಿ ಚಮಚದಿಂದ ಆ ಕೆನೆಯನ್ನು ಒಡೆದಾಗ ಬರುವ ಕಂಪೇ ಮೊದಲನೆಯ ಸಾಕ್ಷಿ. ಬಳಿಕ ಮೇಲಣ ನೊರೆಯನ್ನು ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ತೆಗೆದುಕೊಂಡು ‘ಸೊರ್ರ್’ ಎಂದು ಶಬ್ದ ಬರುವಂತೆ ಹೀರಬೇಕು. ನಾಲಗೆಯ ಮೇಲೆಲ್ಲ ರಸ ಹರಡಿ, ಕಂಪು ಮೂಗಿಗೇರಲೆಂದು ಈ ಉಪಾಯ. ಶಬ್ದ ಮಾಡಿ ಕುಡಿದದ್ದಕ್ಕೆ ನಮ್ಮ ತಾಯಿಯವರಿಂದ ತಿಂದ ಪೆಟ್ಟುಗಳು ನಮಗೆ ಜ್ಞಾಪಕವಿದ್ದುದರಿಂದ ಮೊದಲು ಸಂಕೋಚವಾಯಿತು. ಆಮೇಲೆ ನೋಡಿದರೆ ಇಡೀ ಜಗಲಿಯೇ ಸೊರಗುಟ್ಟುತ್ತಿದ್ದಿತು. ರುಚಿ ನೋಡಿ ಉಗುಳುವುದಕ್ಕೆ ಪೀಕದಾನಿಗಳನ್ನಿಟ್ಟಿದ್ದರು. ಅಡಿಕೆಯ ಸೀಮೆಯಾದ ತರೀಕೆರೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಆದರೆ ಕಠಿಣವಾದ ನಿಯಮವೂ ಅಲ್ಲಿಯೇ ಇದ್ದಿತು: ರುಚಿ ನೋಡುವುದು ಮುಗಿಯುವವರೆಗೆ ಯಾರೂ ತಾಂಬೂಲ ಹಾಕತಕ್ಕದ್ದಲ್ಲ. ಎಲೆಯಡಿಕೆಯ ಒಗರು ನಾಲಗೆಯ ಮೇಲೆ ಕುಳಿತರೆ ಮತ್ತೇನೂ ತಿಳಿಯದು. ಇಬ್ಬರು ಹಿರಿಯರು ಇದೇ ಕಾರಣಕ್ಕೆ ಎದ್ದುಹೋಗುವುದರಲ್ಲಿದ್ದರು.

ಹಾಲಿಲ್ಲ, ಸಕ್ಕರೆಯಿಲ್ಲ. ಅಜ್ಜಂಪುರದ ಮಿತ್ರರು, “ನಾವು ಅಮೃತಮಹಲ್ ಸೀಮೆಯವರು, ಹಾಲಿಲ್ಲದ ಕಾಫಿ ಕುಡಿದೆವೆಂದರೆ ಊರಿನಲ್ಲಿ ತಲೆಯೆತ್ತುವ ಹಾಗಿಲ್ಲ” ಎಂದರು. ಅಮೃತಮಹಲ್ ತಳಿ ಗಾಡಿ ಎಳೆಯುವುದಕ್ಕೆ ಪ್ರಸಿದ್ಧವೇ ಹೊರತು ಹಾಲಿಗಲ್ಲವೆಂದು ನಾವು ಜ್ಞಾಪಿಸಿದ ಮೇಲೆ ಚಮಚವನ್ನು ಕೈಗೆ ತೆಗೆದುಕೊಂಡರು.

ಮೊದಲು ಕೈಗೆ ಒಂದು ಅಚ್ಚಾದ ಕಾಗದ ಬಂದಿತು. ಅದರಲ್ಲಿ ಇಂಗ್ಲಿಷಿನಲ್ಲಿ ಹತ್ತು ಲಕ್ಷಣಗಳು, ಒಟ್ಟು ೧೦೦ ಅಂಕ. ೮೦ಕ್ಕೆ ಮೇಲ್ಪಟ್ಟರೆ ಉತ್ತಮ ಜಾತಿ. ಕಾಗದವನ್ನು ಕಂಡು ಹೆಂಗಸರೆಲ್ಲ ಮೌನವಾದರು; ಗಂಡಸರು ಪಕ್ಕದವರ ಅಂಕಿಗಳನ್ನು ಕದ್ದು ನೋಡತೊಡಗಿದರು. ಪರೀಕ್ಷಾಮಂದಿರದಲ್ಲಿ ಮೂವತ್ತು ವರ್ಷ ಕಾವಲು ನಿಂತ ನಮಗೆ ಈ ದೃಶ್ಯ ಚಿರಪರಿಚಿತ. ಆಗ ನಾವು, “ಕಾಗದ ಹಾಗಿರಲಿ, ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೇಳೋಣ” ಎಂದೆವು. ಆಮೇಲೆ ಕೇಳಬೇಕಾದದ್ದೇ ಬೇರೆ! ಎರಡನೆಯದು ಹೊಸ ಬೆಲ್ಲದ ಹಾಗಿದೆ ಎಂದರೊಬ್ಬರು. ನಾಲ್ಕನೆಯದರಲ್ಲಿ ಕಿತ್ತಳೆಯ ಸಿಪ್ಪೆ ಹಿಂಡಿದಂತೆ ಕಂಪು, ಐದನೆಯದು ಬರೀ ಒಗರು, ಕಾಯಿ ಸೇರಿದೆ, ಆರನೆಯದು ಹುರಿಗಡಲೆ. ಕನರು, ಕಮಟು, ಘಾಟು, ಸೀಕಲು: ಒಂದೊಂದಕ್ಕೂ ಕನ್ನಡದಲ್ಲಿ ಎಷ್ಟು ನಿಷ್ಕೃಷ್ಟವಾದ ಮಾತಿದೆಯೆಂಬುದನ್ನು ನಿಘಂಟನ್ನು ನೋಡಿ ಕಲಿತ ನಾವು ಅಲ್ಲಿ ಕಿವಿಯಿಂದ ಕಲಿತೆವು. ನಮ್ಮ ಷಡ್ರಸಗಳು ಆ ಅಡಿಗೆಮನೆಯ ಪಟ್ಟಿಯ ಮುಂದೆ ಬಡವಾಗಿ ಕಂಡವು.

ಏಳನೆಯ ಬಟ್ಟಲಿನ ಬಳಿ ಬಂದಾಗ ಜಗಲಿ ಸ್ತಬ್ಧವಾಯಿತು. ಎಲ್ಲರಿಗೂ ಏನೋ ತಿಳಿದಿದ್ದಿತು, ಯಾರೂ ಬಾಯಿಬಿಡರು. ನೆರೆಹೊರೆಯವರ ಮುಂದೆ ನೆರೆಹೊರೆಯವರ ಬೆಳೆಯನ್ನು ಹಳಿಯುವುದು ಹೇಗೆ? ವಿನೋದಕ್ಕೆ ಸೇರಿದ ಗೋಷ್ಠಿಯಲ್ಲಿ ಸತ್ಯಕ್ಕೆ ಎಷ್ಟು ಸ್ಥಳ? ಕೊನೆಗೆ ಮನೆಯ ಯಜಮಾನಿ, ಎಂದರೆ ನಮ್ಮ ವಿದ್ಯಾರ್ಥಿಯ ತಾಯಿ, ಚಮಚವನ್ನು ಕೆಳಗಿಟ್ಟು, “ಮೇಷ್ಟ್ರೇ, ಇದು ಮುಗ್ಗಲು. ಮಳೆಗೆ ನೆನೆದ ಗೋಣಿಚೀಲದ ವಾಸನೆ ನಿಮಗೆ ಬರಲಿಲ್ಲವೇ?” ಎಂದರು.

“ಬಂದಿತಮ್ಮಾ” ಎಂದೆವು.

ಅಂಕಿಯ ಪಟ್ಟಿಯನ್ನು ತೆಗೆದು ನೋಡಿದರೆ ಏಳನೆಯದು ಆ ಮನೆಯದೇ ಕಾಫಿ! ಆಕೆ ಸ್ವಲ್ಪವೂ ಅಳುಕಲಿಲ್ಲ. ಒಣಗುವ ಕಾಲದಲ್ಲಿ ಎರಡು ದಿನ ಅಕಾಲದ ಮಳೆ ಹಿಡಿದಾಗ, ಕಣದಲ್ಲಿದ್ದ ಕಾಫಿಯನ್ನು ಬಿಸಿಯಿರುವಾಗಲೇ ರಾಶಿಮಾಡಿ ಟಾರ್ಪಾಲು ಮುಚ್ಚಿದರೆಂದೂ, ಮೂರನೆಯ ದಿನ ತೆಗೆದಾಗ ಒಳಗೆ ಬೆವರು ಇಳಿದಿತ್ತೆಂದೂ, ತಾನು ಅಂದೇ ಹೇಳಿದ್ದನ್ನು ಮಗನು ಕಿವಿಗೆ ಹಾಕಿಕೊಳ್ಳಲಿಲ್ಲವೆಂದೂ ಸಭೆಗೆಲ್ಲ ತಿಳಿಸಿದರು. ಮಗನು ನಕ್ಕು, “ಮೇಷ್ಟ್ರೇ, ಟೊಕಾಯಿಯಲ್ಲಿ ಬೂಷ್ಟು ಹಿಡಿದರೆ ಚಿನ್ನ, ನಮ್ಮಲ್ಲಿ ಹಿಡಿದರೆ ಗೊಬ್ಬರ” ಎಂದನು. ನಕ್ಕನಾದರೂ ಅವನ ಮುಖ ಬಾಡಿದ್ದನ್ನು ನಾವು ಕಂಡೆವು. ಆ ರಾಶಿಯಲ್ಲಿ ಅವನ ವರ್ಷದ ದುಡಿಮೆಯ ದೊಡ್ಡ ಪಾಲಿದ್ದಿತು. ಆದರೆ ಆ ನಗುವಿನಿಂದ ಉಳಿದವರ ಬಾಯಿ ಬಿಚ್ಚಿತು. ಐದನೆಯದು ತನ್ನದೆಂದು ಒಬ್ಬರು ತಾವಾಗಿಯೇ ಹೇಳಿಕೊಂಡರು. ಆಳು ಸಿಕ್ಕದೆ ಒಂದೇ ಸಲ ಕುಯ್ಯಿಸಿದ ಕಷ್ಟವನ್ನು ಹೇಳಿದರು. ಆಳಿನ ಅಭಾವದ ಮಾತು ಹೊರಟ ಮೇಲೆ ಅರ್ಧ ಗಂಟೆ ಮತ್ತಾವ ಮಾತೂ ನಡೆಯಲಿಲ್ಲ.

ಎಲ್ಲರೂ ಮೆಚ್ಚಿದ ನಾಲ್ಕನೆಯದು ಮೂರು ಎಕರೆಯ ಒಬ್ಬ ವಿಧವೆಯದು. ಆಕೆ ಹಣ್ಣಾದಂತೆ ನಾಲ್ಕು ಸಲ ತಾವೇ ಕುಯ್ದು, ನೆಲಕ್ಕೆ ಸೋಂಕದಂತೆ ಕಟ್ಟಿದ ಬಲೆಯ ಮೇಲೆ ಒಣಗಿಸಿದ್ದರು. ಮಾದರಿಗೆಂದು ತಂದ ನಾಲ್ಕು ಕಿಲೋ ಹೊರತು ಮಿಕ್ಕದ್ದೆಲ್ಲ ಹದಿನೈದು ದಿನದ ಹಿಂದೆಯೇ ವ್ಯಾಪಾರಿಯ ಲಾರಿಯಲ್ಲಿ ಹೋಗಿದ್ದಿತು, ಎಲ್ಲರದಕ್ಕೂ ಕೊಟ್ಟ ಬೆಲೆಗೇ. “ಇದು ಇಷ್ಟು ಚೆನ್ನಾಗಿದೆಯೆಂದು ನನಗೇನು ಗೊತ್ತು? ನಾವು ಮನೆಯಲ್ಲಿ ಕುಡಿಯುವುದು ಉದುರುಗಾಯಿ ಆರಿಸಿದ್ದು” ಎಂದರಾಕೆ. ಈ ಮಾತು ನಮ್ಮ ಗಿರಿಗಳ ಎಷ್ಟು ಮನೆಗಳಿಗೆ ಸಲ್ಲುವುದೋ! ನಮ್ಮ ದೇಶದ ಕಾಫಿಯಲ್ಲಿ ಸುಮಾರು ನೂರರಲ್ಲಿ ಎಪ್ಪತ್ತು ಪಾಲು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಹೆಚ್ಚು ಭಾಗ ಹೊರದೇಶಗಳಿಗೆ ಹೋಗುವಂಥಾದ್ದು. ಬೆಳೆದವರ ಲೋಟಕ್ಕೆ ಉಳಿಯುವುದು ಉದುರುಗಾಯಿ.

ಭೌಗೋಳಿಕ ಸೂಚನೆಯ ಮಾತೂ ಬಂದಿತು. ಹೆಸರು ನೋಂದಾಯಿತವಾದ ಮಾತ್ರಕ್ಕೆ ಆಗಲಿಲ್ಲ; ಬಳಸತಕ್ಕವರು ತಾವೂ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಯಾರ ತೋಟ ಯಾವ ಎಲ್ಲೆಯೊಳಗೆ ಬರುವುದೆಂಬುದನ್ನು ಕಾಗದಪತ್ರ ನೋಡಿಯೇ ತಿಳಿಯತಕ್ಕದ್ದು. ಅಂದು ಸೇರಿದ್ದವರಲ್ಲಿ ಒಬ್ಬರೂ ಅರ್ಜಿ ಹಾಕಿರಲಿಲ್ಲ. ಆ ಅರ್ಜಿಗಳನ್ನು ಬರೆದುಕೊಡುವ ಕೆಲಸವನ್ನು ನಮ್ಮ ತಲೆಗೆ ಕಟ್ಟಿದ್ದಾರೆ.

ಇನ್ನು ಉಪದಂಶದ ಪ್ರಕರಣ. ರುಚಿ ನೋಡುವಾಗ ಕಾರದ ಪದಾರ್ಥ ಸುಳಿಯಕೂಡದು. ಮೆಣಸಿನಕಾಯಿ ನಾಲಗೆಯನ್ನು ಕುರುಡುಮಾಡುತ್ತದೆ. ನಡುನಡುವೆ ಬಾಯಿ ಶುದ್ಧಿಗೆ ಅಜ್ಜಂಪುರದ ಬರೀ ಮಂಡಕ್ಕಿಯೂ ತಣ್ಣೀರೂ ಬಹಳ ಅನುಕೂಲವಾದವು. ಪೊಗಾಚವನ್ನು ತಿಂದು ಬಂದವನೇ ಇದು ಅದಕ್ಕಿಂತ ಮೇಲೆಂದು ತೀರ್ಪುಕೊಟ್ಟನು. ಎಲ್ಲ ಮುಗಿದ ಮೇಲೆ ಕಡೂರಿನ ಮಿತ್ರರ ಕೊಬ್ಬರಿ ಬೆಲ್ಲ, ಆ ಮನೆಯ ಕೋಡುಬಳೆ, ಹಲಸಿನ ಹಪ್ಪಳ, ಬಿಸಿ ಕಡುಬು ಬಂದವು. ನಾಲ್ಕನೆಯ ಕಾಫಿಗೆ ಕೊಬ್ಬರಿಯ ಹೋಳು ಬಹು ಚೆನ್ನಾಗಿ ಹೊಂದುತ್ತದೆ; ಕೊಬ್ಬರಿಯ ಜಿಡ್ಡು ಹುಳಿಯ ಮೊನೆಯನ್ನು ಮೃದುಮಾಡುತ್ತದೆ. ಕಹಿ ಹೆಚ್ಚಾದ ಕಾಫಿಗೆ ಉಪ್ಪಿನ ತಿಂಡಿ ಲೇಸು, ಏಕೆಂದರೆ ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಕಡುಬಿಗೆ ಮಾತ್ರ ಯಾವ ಕಾಫಿಯೂ ಬೇಡ, ಚಟ್ನಿ ಸಾಕು. ಕೊನೆಗೆ ನಮ್ಮ ವಿದ್ಯಾರ್ಥಿಯು ಹಂಗೇರಿಯಿಂದ ತಂದ ಅಸೂವಿನ ಒಂದು ಸಣ್ಣ ಶೀಷೆಯನ್ನು ತೆಗೆದನು. ವ್ರತವುಳ್ಳವರು ಮೂಸಿದರು, ಇಲ್ಲದವರು ಗುಟುಕರಿಸಿದರು. ನಾವು ಮೊದಲನೆಯ ಗುಂಪಿನವರು. ಮೂಸಿದರೆ ಅರ್ಧ ಊಟವೆಂಬ ಮಾತಿನ ಬಲದ ಮೇಲೆ, ಒಣಗಿದ ಜರ್ದಾಳು ಹಣ್ಣೂ ಜೇನೂ ಕೂಡಿದಂಥ ಕಂಪೆಂದು ಸಾಕ್ಷಿ ಹೇಳಬಲ್ಲೆವು.

ನಮ್ಮ ಗೃಹಿಣಿಯರು ತೋಟವಿಲ್ಲದಿದ್ದರೂ ಮನೆಯಲ್ಲಿಯೇ ಇಂಥ ಪರೀಕ್ಷೆಯನ್ನು ಮಾಡಬಹುದು. ಅಂಗಡಿಯಿಂದ ಮೂರು ಬಗೆಯ ಪುಡಿ ತರಿಸಿರಿ. ಮೊದಲು ಒಂದೊಂದು ಚಿಟಿಕೆಯನ್ನು ತಣ್ಣೀರಿನ ಗಾಜಿನ ಲೋಟದ ಮೇಲೆ ಉದುರಿಸಿರಿ. ಕಾಫಿಯ ಪುಡಿ ತೇಲುತ್ತದೆ. ಚಿಕೋರಿಯು ಕಂದುಬಣ್ಣದ ಗೆರೆಗಳನ್ನು ಬಿಡುತ್ತ ಮುಳುಗುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯು ನೂರಕ್ಕೆ ೫೧ ಪಾಲಿಗೆ ಕಡಿಮೆಯಿರಬಾರದೆಂದು ಕಾಯಿದೆಯಿದೆ. ಎಷ್ಟು ಬೆರೆತಿದೆಯೆಂಬುದನ್ನು ಪೊಟ್ಟಣದ ಮೇಲೆ ಓದಿ ನೋಡುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಬಳಿಕ ಮೂರನ್ನೂ ಮೇಲೆ ಹೇಳಿದ ಕ್ರಮದಲ್ಲಿ, ಹೆಸರು ಮುಚ್ಚಿಟ್ಟು, ಮನೆಯ ಹಿರಿಯರಿಂದ ಹಿಡಿದು ರುಚಿ ನೋಡಿಸಿರಿ. ಪುಡಿ ಎಲ್ಲಿಯದೆಂದು ಅಂಗಡಿಯವನನ್ನು ಕೇಳಿರಿ. ಎರಡು ಸಲ ಅವನು ಗೊತ್ತಿಲ್ಲವೆಂದಾನು; ಮೂರನೆಯ ಸಲ ಅವನೂ ತನಗೆ ಪುಡಿ ಕೊಡುವವನನ್ನು ಕೇಳಿಯಾನು.

ಮೂರು ಎಕರೆಯ ಆ ತಾಯಿ ಉಳಿದ ಬೀಜದಲ್ಲಿ ಅರ್ಧ ಸೇರಿನಷ್ಟನ್ನು ಕಾಗದದಲ್ಲಿ ಕಟ್ಟಿ ನಮ್ಮ ಕೈಯಲ್ಲಿಟ್ಟರು. ಬೆಲೆಯನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಮುಂದಿನ ಕುಯ್ಲಿನಲ್ಲಿ ಹತ್ತು ಚೀಲವನ್ನು ಲಾರಿಗೆ ಹಾಕದೆ ಬೇರೆಯಾಗಿ ಇಟ್ಟುಕೊಳ್ಳುತ್ತಾರಂತೆ. ಕೊಳ್ಳುವವರು ಬಂದರೆ ಮೊದಲು ಕುಡಿದು ನೋಡಿ ಆಮೇಲೆ ಬೆಲೆ ಹೇಳಿರೆಂದು ಹೇಳುತ್ತಾರಂತೆ. ಅಷ್ಟು ಕಾಲ ಹಣಕ್ಕೆ ಏನು ಮಾಡುವುದೆಂದು ಕೇಳಿದ್ದಕ್ಕೆ, ಆ ಮನೆಯ ಯಜಮಾನಿ, “ಅದನ್ನು ನಾವು ಹೆಂಗಸರು ನೋಡಿಕೊಳ್ಳುತ್ತೇವೆ, ಮೇಷ್ಟ್ರೇ, ನೀವು ಅರ್ಜಿ ಬರೆಯಿರಿ” ಎಂದರು.